80 ಕಿಲೋಮೀಟರ್ ಏರುವುದಕ್ಕೆ 20 ವರ್ಷ ಏಕೆ ಬೇಕಾಯಿತು?

ಪ್ರಶ್ನೆ: ವರ್ಜಿನ್ ಗ್ಯಾಲಕ್ಟಿಕ್ ಎಂಬ ಅಮೆರಿಕದ ಕಂಪನಿ ಪ್ರವಾಸಿಗರಿಗಾಗಿ ಮಾಡುತ್ತಿರುವ ಬಾಹ್ಯಾಕಾಶ ವಿಮಾನದ ಬಗ್ಗೆ ಹೈಸ್ಕೂಲಿನಲ್ಲಿದ್ದಾಗಿಂದ ಓದುತ್ತಿದ್ದೇನೆ. ಯಾವಾಗ ನೋಡಿದರೂ 'ಮುಂದಿನ ವರ್ಷ' ಅಂತಾರೆ. ನಮ್ಮ ಇಸ್ರೋ ಚಂದ್ರನ ಮೇಲೇ ಇಳಿದಾಯಿತು. ಇವರಿಗೆ 80 ಕಿ.ಮೀ. ಏರೋಕೆ 20 ವರ್ಷ ಬೇಕಾ? ಕೆಲಸ ನಿಜವಾಗಿ ಮುಂದೆ ಹೋಗ್ತಿದೆಯಾ, ಇಲ್ಲ ಸುಮ್ನೆ ಪ್ರಚಾರಾನಾ? ನಮ್ಮಲ್ಲಿ ಇಂಥದ್ದು ಬರುತ್ತಾ?

ಉತ್ತರ:

ಕೆಲಸ ಮುಂದೆ ಹೋಗಿದೆ. ಪ್ರಚಾರವೂ ಜಾಸ್ತಿಯೇ ಇತ್ತು. ಎರಡೂ ನಿಜ. ನಾನು ಪೀಣ್ಯದಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಇದ್ದೇನೆ. ಹಾಗಾಗಿ ಈ ವಿಷಯವನ್ನು ಪರೀಕ್ಷೆ ಮಾಡುವವರ ಕಡೆಯಿಂದ ನೋಡುತ್ತೇನೆ.

ಮೊದಲು ಎತ್ತರದ ಮಾತು. ಅದು ಇವರಿಗೆ ಯಾವತ್ತೂ ದೊಡ್ಡ ತೊಡಕಾಗಿರಲಿಲ್ಲ. ರಾಕೆಟ್ ವಿಮಾನವೊಂದು 100 ಕಿ.ಮೀ. ದಾಟಿದ್ದು 1963ರಲ್ಲೇ, ಅಮೆರಿಕದ ಎಕ್ಸ್-15. ಖಾಸಗಿಯವರು ಅದನ್ನು ಮಾಡಿದ್ದು 2004ರ ಜೂನ್ 21ರಂದು. ಬರ್ಟ್ ರುಟಾನ್ ತಂಡ ಕಟ್ಟಿದ ಸ್ಪೇಸ್‌ಶಿಪ್‌ಒನ್ ಅನ್ನು ಮೈಕ್ ಮೆಲ್ವಿಲ್ ಹಾರಿಸಿದರು. ಅದೇ ವರ್ಷ ಅಕ್ಟೋಬರ್ 4ಕ್ಕೆ ಆ ವಿಮಾನ, ಖಾಸಗಿ ಬಾಹ್ಯಾಕಾಶ ಹಾರಾಟಕ್ಕೆಂದು ಇಟ್ಟಿದ್ದ 1 ಕೋಟಿ ಡಾಲರ್‌ನ ಎಕ್ಸ್ ಪ್ರೈಜ್ ಬಹುಮಾನ ಗೆದ್ದಿತು. ಆಮೇಲೆ ಅದು ಹಾರಲೇ ಇಲ್ಲ, ಈಗ ವಾಷಿಂಗ್ಟನ್‌ನ ಮ್ಯೂಸಿಯಂನಲ್ಲಿ ನೇತಾಡುತ್ತಿದೆ. ಆ ವರ್ಷದ ಹುರುಪಿನಲ್ಲೇ ವರ್ಜಿನ್ ಗ್ಯಾಲಕ್ಟಿಕ್ ಸ್ಥಾಪಕ ರಿಚರ್ಡ್ ಬ್ರಾನ್ಸನ್ 2007ರ ಹೊತ್ತಿಗೆ ಪ್ರಯಾಣಿಕರನ್ನು ಕರೆದೊಯ್ಯುತ್ತೇವೆ ಎಂದುಬಿಟ್ಟರು.

ಹಬ್ಬಕ್ಕೆ ಒಂದು ಸಲ ನೂರು ಜನಕ್ಕೆ ಊಟ ಹಾಕುವುದು ಬೇರೆ, ದಿನಾ ಬೆಳಿಗ್ಗೆ ಆರಕ್ಕೆ ದರ್ಶಿನಿ ಬಾಗಿಲು ತೆಗೆಯುವುದು ಬೇರೆ. 2004ರಲ್ಲಿ ಆಗಿದ್ದು ಹಬ್ಬದ ಊಟ. ದುಡ್ಡು ಕೊಟ್ಟ ಜನರನ್ನು ಕೂರಿಸಿ, ಅದೇ ವಿಮಾನವನ್ನು ಮತ್ತೆ ಮತ್ತೆ ಹಾರಿಸಿ, ಪ್ರತಿ ಸಲವೂ ಸುರಕ್ಷಿತವಾಗಿ ಇಳಿಸುವ ಕೆಲಸ ಆಗ ಶುರುವೇ ಆಗಿರಲಿಲ್ಲ.

ಮೊದಲ ಪೆಟ್ಟು ಎಂಜಿನ್‌ನಿಂದ ಬಿತ್ತು. ಇದು ಹೈಬ್ರಿಡ್ ರಾಕೆಟ್. ರಬ್ಬರ್ ಜಾತಿಯ ಗಟ್ಟಿ ಇಂಧನ, ಅದನ್ನು ಉರಿಸಲು ನೈಟ್ರಸ್ ಆಕ್ಸೈಡ್. ಸಣ್ಣ ವಿಮಾನಕ್ಕೆ ಸರಿಹೋದದ್ದನ್ನು ಇಬ್ಬರು ಪೈಲಟ್, ಆರು ಪ್ರಯಾಣಿಕರ ವಿಮಾನಕ್ಕೆ ಹಿಗ್ಗಿಸಲು ಹೊರಟಾಗ ತೊಂದರೆ ಮೇಲೆ ತೊಂದರೆ. 2007ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಮೊಹಾವೆಯಲ್ಲಿ ನೈಟ್ರಸ್ ಹರಿವಿನ ಪರೀಕ್ಷೆ ನಡೆಯುತ್ತಿತ್ತು. ಬೆಂಕಿ ಹಚ್ಚುವ ಪರೀಕ್ಷೆಯೂ ಅಲ್ಲ. ಆದರೂ ಸ್ಫೋಟವಾಗಿ ಮೂವರು ಸತ್ತರು. 2014ರಲ್ಲಿ ಇಂಧನವನ್ನು ನೈಲಾನ್ ಜಾತಿಯದಕ್ಕೆ ಬದಲಾಯಿಸಿದರು, ಮರುವರ್ಷ ವಾಪಸ್ ರಬ್ಬರ್‌ಗೇ ಬಂದರು.

ಎರಡನೆಯ ಪೆಟ್ಟು 2014ರ ಅಕ್ಟೋಬರ್ 31ರ ಅಪಘಾತ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಈ ವಿಮಾನದ ಜಾಣತನ ಇರುವುದು ಬಾಲದಲ್ಲಿ. ಮೇಲೆ ಹೋದ ಮೇಲೆ ಬಾಲದ ಎರಡು ತೋಳುಗಳು ಸುಮಾರು 60 ಡಿಗ್ರಿ ಮೇಲಕ್ಕೆ ಮಡಚಿಕೊಳ್ಳುತ್ತವೆ. ಇದನ್ನು ಫೆದರ್ ಎನ್ನುತ್ತಾರೆ. ಹಾಗೆ ಮಡಚಿದಾಗ ಗಾಳಿಯ ತಡೆ ಜಾಸ್ತಿಯಾಗಿ ವೇಗ ಎತ್ತರದಲ್ಲೇ ತಗ್ಗುತ್ತದೆ, ಮೈ ಅಷ್ಟು ಬಿಸಿಯಾಗುವುದಿಲ್ಲ. ಪೈಲಟ್ ಏನೂ ಮಾಡದಿದ್ದರೂ ವಿಮಾನ ಹೊಟ್ಟೆ ಕೆಳಗೆ ಮಾಡಿಕೊಂಡೇ ಬೀಳುತ್ತದೆ. ತುಂಬ ಚೆಂದದ ಉಪಾಯ. ಆದರೆ ಏರುವಾಗ ಈ ಬಾಲ ಬೀಗ ಹಾಕಿಕೊಂಡೇ ಇರಬೇಕು. ಶಬ್ದದ ವೇಗದ 1.4 ಪಟ್ಟು ದಾಟಿದ ಮೇಲೆ ಬೀಗ ತೆಗೆಯಬಹುದು, ಆಗ ಗಾಳಿಯೇ ಬಾಲವನ್ನು ಕೆಳಗೆ ಒತ್ತಿ ಹಿಡಿಯುತ್ತದೆ. ಅದಕ್ಕೂ ಮೊದಲು, ಶಬ್ದದ ವೇಗದ ಆಸುಪಾಸಿನಲ್ಲಿ, ಅದೇ ಗಾಳಿ ಬಾಲವನ್ನು ಮೇಲಕ್ಕೆ ತಳ್ಳುತ್ತದೆ.

ಆ ದಿನ ಸಹ ಪೈಲಟ್ ಮೈಕೆಲ್ ಆಲ್ಸ್‌ಬರಿ ಶಬ್ದದ ವೇಗದ 0.8 ಪಟ್ಟಿನ ಹತ್ತಿರವೇ ಬೀಗದ ಹಿಡಿಕೆ ಎಳೆದರು. ಬಾಲ ತಾನಾಗಿಯೇ ಎದ್ದಿತು, ವಿಮಾನ ಗಾಳಿಯಲ್ಲೇ ಚೂರಾಯಿತು. ಆಲ್ಸ್‌ಬರಿ ಸತ್ತರು. ಪೈಲಟ್ ಪೀಟರ್ ಸೀಬೋಲ್ಡ್ ಪ್ಯಾರಾಚೂಟ್‌ನಿಂದ ಬದುಕಿದರು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಸಂಸ್ಥೆ ಎನ್‌ಟಿಎಸ್‌ಬಿ ಪೈಲಟ್ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳಲಿಲ್ಲ. ಮನುಷ್ಯ ಒಂದು ಹಿಡಿಕೆಯನ್ನು ಕೆಲವೇ ಸೆಕೆಂಡ್ ಮೊದಲು ಎಳೆದರೆ ಇಡೀ ವಿಮಾನ ಹೋಗುತ್ತದೆ ಎನ್ನುವುದನ್ನು ವಿನ್ಯಾಸ ಮಾಡಿದವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂದಿತು. ಮುಂದಿನ ವಿಮಾನ ಯೂನಿಟಿಯಲ್ಲಿ, ಅಪಾಯದ ವೇಗದಲ್ಲಿ ಹಿಡಿಕೆ ಎಳೆದರೂ ಬೀಗ ತೆರೆಯದಂತೆ ತಡೆ ಕೂರಿಸಿದರು. ಕಾಗದದ ಮೇಲೆ ಇದು ಒಂದು ಸಾಲು. ಕೆಲಸದಲ್ಲಿ ವರ್ಷಗಳು.

ಏಕೆ ವರ್ಷಗಳು? ನಮ್ಮ ಶೆಡ್‌ನಲ್ಲಿ ದಿನಾ ನೋಡುವುದನ್ನೇ ಹೇಳುತ್ತೇನೆ. ಅಂಗೈಯಷ್ಟಿರುವ ಅಲ್ಯೂಮಿನಿಯಂ ಬ್ರಾಕೆಟ್ ಒಂದನ್ನು ಕಂಪನದ ಟೇಬಲ್ ಮೇಲೆ ಬಿಗಿದು ಗಂಟೆಗಟ್ಟಲೆ ಅಲುಗಿಸುತ್ತೇವೆ. ಆಮೇಲೆ ಹೊಳೆಯುವ ಬಣ್ಣದ ದ್ರವ ಹಚ್ಚಿ, ಒರೆಸಿ, ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿಯುತ್ತೇವೆ. ಬೋಲ್ಟ್ ರಂಧ್ರದ ಅಂಚಿನಲ್ಲಿ ಕೂದಲೆಳೆಯಂಥ ಹಸಿರು ಗೆರೆ ಕಂಡರೆ ಮುಗೀತು, ಅದು ಬಿರುಕು. ಬರಿಗಣ್ಣಿಗೆ ಆ ಬ್ರಾಕೆಟ್ ಹೊಸದರಂತೆಯೇ ಇರುತ್ತದೆ. ಡ್ರಾಯಿಂಗ್ ಬದಲಾಗಬೇಕು, ಹೊಸ ತುಂಡು ಕೊರೆಯಬೇಕು, ಮತ್ತೆ ಮೊದಲಿನಿಂದ ಪರೀಕ್ಷೆ. ಅದರ ಪಕ್ಕದ ಭಾಗಗಳ ಲೆಕ್ಕವೂ ಮತ್ತೆ. ಒಂದು ಬ್ರಾಕೆಟ್‌ಗೇ ಇಷ್ಟು. ಇಂಥ ತಡ ನನಗೆ ಬೇಸರ ತರಿಸುವುದಿಲ್ಲ, ಗೌರವವೇ ಇದೆ. ಬೇಸರ ಇರುವುದು ಹಸಿರು ಗೆರೆ ಬರುತ್ತದೋ ಇಲ್ಲವೋ ಗೊತ್ತಾಗುವ ಮೊದಲೇ ತಾರೀಖು ಸಾರಿ, ಜನರಿಂದ ಮುಂಗಡ ತೆಗೆದುಕೊಳ್ಳುವುದರ ಬಗ್ಗೆ.

ಇಸ್ರೋ ಜೊತೆಗಿನ ಹೋಲಿಕೆಗೆ ಬರೋಣ. ಚಂದ್ರಯಾನ-3ರಲ್ಲಿ ಮನುಷ್ಯರಿರಲಿಲ್ಲ. ಮನುಷ್ಯರಿರುವ ಗಗನಯಾನಕ್ಕೆ 2018ರಲ್ಲಿ ಹೇಳಿದ ಗುರಿ 2022. ಆ ಗಡುವು ಯಾವಾಗಲೋ ದಾಟಿದೆ, ಅಲ್ವಾ? ಜನ ಕೂರುತ್ತಾರೆ ಎಂದಾಗ ಎಲ್ಲರ ಕ್ಯಾಲೆಂಡರೂ ಹೀಗೇ ಹಿಗ್ಗುತ್ತದೆ. ಹಾಗಂತ ಎರಡೂ ಒಂದೇ ಕಷ್ಟ ಅಲ್ಲ. ಕಕ್ಷೆಗೆ ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು. ಬ್ರಾನ್ಸನ್ ವಿಮಾನ ಮುಟ್ಟುವ ವೇಗ ಸೆಕೆಂಡಿಗೆ ಸುಮಾರು 1 ಕಿ.ಮೀ. ಗಗನಯಾನ ಬೇರೆಯೇ ಮಟ್ಟದ ಕೆಲಸ.

ಇನ್ನು ಆಗಿದ್ದೇನು? ಯೂನಿಟಿ 2018ರ ಡಿಸೆಂಬರ್‌ನಲ್ಲಿ 82.7 ಕಿ.ಮೀ. ಏರಿತು. ಅಮೆರಿಕದ ಲೆಕ್ಕದಲ್ಲಿ 80 ದಾಟಿದರೆ ಬಾಹ್ಯಾಕಾಶ, ಉಳಿದ ಬಹಳಷ್ಟು ಕಡೆ 100 ಎನ್ನುತ್ತಾರೆ. 2021ರ ಜುಲೈ 11ರಂದು ಬ್ರಾನ್ಸನ್ ತಾವೇ ಕೂತರು, ಜೊತೆಗೆ ಆಂಧ್ರ ಮೂಲದ ಸಿರೀಶಾ ಬಂಡ್ಲ ಇದ್ದರು. 2023ರ ಜೂನ್‌ನಿಂದ 2024ರ ಜೂನ್‌ವರೆಗೆ ಏಳು ವಾಣಿಜ್ಯ ಹಾರಾಟ. ಅದರಲ್ಲೊಂದರಲ್ಲಿ ಪಾರ್ಕಿನ್ಸನ್ಸ್ ಇದ್ದ 80 ವರ್ಷದ ಜಾನ್ ಗುಡ್‌ವಿನ್ ಹೋಗಿ ಬಂದರು. ಹಾಗಾಗಿ 'ಬರೀ ಪ್ರಚಾರ' ಎನ್ನುವುದು ನ್ಯಾಯವಲ್ಲ.

ಆದರೆ ಆಗಿದ್ದು ತಿಂಗಳಿಗೆ ಒಂದು ಹಾರಾಟದ ಲೆಕ್ಕ, ಅದೂ ಕೆಲವೊಮ್ಮೆ ಇಲ್ಲ. ಪ್ರತಿ ಹಾರಾಟಕ್ಕೂ ಇಂಧನ ತುಂಬಿದ ರಾಕೆಟ್ ಕವಚವನ್ನೇ ಬದಲಾಯಿಸಬೇಕಿತ್ತು. ಆರು ಜನಕ್ಕೆಂದು ಹೊರಟಿದ್ದರೂ ಒಮ್ಮೆಗೆ ನಾಲ್ಕೇ ಪ್ರಯಾಣಿಕರು. ಯೂನಿಟಿ ಕಾಲದ ಕೊನೆಗೆ ಟಿಕೆಟ್ ಬೆಲೆ 6 ಲಕ್ಷ ಡಾಲರ್‌ವರೆಗೆ ಹೋಗಿತ್ತು, ಅಂದರೆ ಆಗ ಹೆಚ್ಚು ಕಡಿಮೆ 5 ಕೋಟಿ ರೂಪಾಯಿ. ಅಷ್ಟಿದ್ದರೂ ಖರ್ಚು ಹುಟ್ಟಲಿಲ್ಲ. ಅದಕ್ಕೇ ಯೂನಿಟಿಯನ್ನು ನಿಲ್ಲಿಸಿ ಡೆಲ್ಟಾ ಎಂಬ ಹೊಸ ವಿಮಾನಗಳನ್ನು ಕಟ್ಟಲು ಹೊರಟರು. ಆರು ಪ್ರಯಾಣಿಕರು, ಒಂದೊಂದು ವಿಮಾನ ತಿಂಗಳಿಗೆ ಎಂಟು ಸಲ ಹಾರಬೇಕು ಎನ್ನುವುದು ಗುರಿ. ಜೋಡಣೆ ಅರಿಜೋನಾದಲ್ಲಿ. ವಾಣಿಜ್ಯ ಹಾರಾಟಕ್ಕೆ ಕಂಪನಿ ಇಟ್ಟುಕೊಂಡ ಗುರಿ 2026.

ಆ ವರ್ಷವನ್ನು ನಾನು ಗಟ್ಟಿಯಾಗಿ ನಂಬುವುದಿಲ್ಲ. ನೀವೂ ತಾರೀಖು ನೋಡಬೇಡಿ, ಎರಡು ಹಾರಾಟದ ನಡುವಿನ ಅಂತರ ನೋಡಿ. ಎಂಜಿನ್ ಇಲ್ಲದೆ ಇಳಿಯುವ ಪರೀಕ್ಷೆ, ಆಮೇಲೆ ರಾಕೆಟ್ ಹೊತ್ತಿಸಿ ಹಾರಾಟ, ಆಮೇಲೆ ಪೂರ್ತಿ ಎತ್ತರ. ಇವು ಆಗುತ್ತವೆ. ಆದರೆ ಒಂದೇ ಡೆಲ್ಟಾ ಒಂದೇ ವಾರದಲ್ಲಿ ಎರಡು ಸಲ ಹಾರಿ, ಮುಂದಿನ ವಾರ ಮತ್ತೆ ಹಾರಿದ ದಿನ ನಾನು ಇದು ಗೆದ್ದಿತು ಎನ್ನುತ್ತೇನೆ. ಇನ್ನೊಂದು ವಿಷಯ ಯಾರೂ ಜಾಸ್ತಿ ಮಾತಾಡುವುದಿಲ್ಲ. ಈ ವಿಮಾನವನ್ನು ಮೇಲಕ್ಕೆ ಹೊತ್ತೊಯ್ಯುವ ತಾಯಿ ವಿಮಾನ ಈವ್ ಮೊದಲು ಹಾರಿದ್ದು 2008ರಲ್ಲಿ. ಯೂನಿಟಿಯ ಕಾಲದುದ್ದಕ್ಕೂ ಅದೊಂದೇ ಇತ್ತು. ಅದು ರಿಪೇರಿಗೆ ನಿಂತರೆ ಎಲ್ಲವೂ ನಿಂತಂತೆ.

ಸುರಕ್ಷತೆಯಲ್ಲಿ ನನ್ನ ಒಲವು ಜೆಫ್ ಬೆಜೋಸ್ ಅವರ ಕಂಪನಿ ಬ್ಲೂ ಒರಿಜಿನ್‌ನ ನ್ಯೂ ಶೆಪರ್ಡ್ ಕಡೆಗಿದೆ, ಅದರಲ್ಲಿ ಜನ ಕೂರುವುದು ರಾಕೆಟ್ ತುದಿಯ ಕ್ಯಾಪ್ಸೂಲ್‌ನಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಜನರಿಲ್ಲದ ಹಾರಾಟದಲ್ಲಿ ಅದರ ರಾಕೆಟ್ ಕೈಕೊಟ್ಟಿತು. ಕ್ಯಾಪ್ಸೂಲ್ ತಾನಾಗಿಯೇ ಕಿತ್ತುಕೊಂಡು ದೂರ ಹಾರಿ ಪ್ಯಾರಾಚೂಟ್‌ನಲ್ಲಿ ಇಳಿಯಿತು. ಬಾಹ್ಯಾಕಾಶ ವಿಮಾನದಲ್ಲಿ ಪ್ರಯಾಣಿಕರಿಗೆ ಅಂಥ ದಾರಿ ಇಲ್ಲ, ಇಡೀ ವಿಮಾನವೇ ಉಳಿಯಬೇಕು.

ನಮ್ಮಲ್ಲಿ ಬರುತ್ತಾ ಎಂದು ಕೇಳಿದ್ದೀರಿ. ಪ್ರವಾಸಿಗರ ವಿಮಾನ ಸದ್ಯಕ್ಕೆ ಇಲ್ಲ. ಆದರೆ ಬೆಂಗಳೂರಿನಿಂದ ನಾಲ್ಕೈದು ಗಂಟೆ ದಾರಿಯ ಚಳ್ಳಕೆರೆಯಲ್ಲಿ ಇಸ್ರೋ ತನ್ನ ರೆಕ್ಕೆಯಿರುವ, ಜನರಿಲ್ಲದ ಮರುಬಳಕೆ ವಾಹನ ಪುಷ್ಪಕ್ ಅನ್ನು ಮೂರು ಸಲ ಇಳಿಸಿದೆ, 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ. ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಿತು, ಅದು ತಾನೇ ದಾರಿ ಸರಿಮಾಡಿಕೊಂಡು ಗಂಟೆಗೆ 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ರನ್‌ವೇ ಮುಟ್ಟಿತು. ಕೊನೆಯ ಸಲ ಬೇಕೆಂದೇ ರನ್‌ವೇಯಿಂದ ಅರ್ಧ ಕಿ.ಮೀ. ಪಕ್ಕಕ್ಕೆ ಬಿಟ್ಟು ನೋಡಿದರು. ಮುಂದಿನ ಹಂತ ಕಕ್ಷೆಯಿಂದ ವಾಪಸ್ ಬಂದು ಇಳಿಯುವ ಪರೀಕ್ಷೆ. ಅದರಲ್ಲಿ ಸೀಟು, ಟಿಕೆಟ್ ಯಾವುದರ ಮಾತೂ ಇಲ್ಲ. ಆದರೂ ಬ್ರಾನ್ಸನ್ ವಿಮಾನಕ್ಕಿಂತ ಅದರ ಸುದ್ದಿಗೇ ನಾನು ಹೆಚ್ಚು ಕಾಯುತ್ತಿದ್ದೇನೆ.