ಇಬ್ಬನಿ ಬೀಳದ ಎರಡು ಬೆಳಗು

ಓದುಗರ ಪತ್ರ: "ನಮ್ಮದು ಸಾಗರ. ನವೆಂಬರ್ ಪೂರ್ತಿ ದಿನಾ ಬೆಳಿಗ್ಗೆ ಎದ್ದ ಕೂಡಲೇ ಉಷ್ಣಾಂಶ, ಮಳೆ, ಇಬ್ಬನಿ, ಮಂಜು ಬರೆದಿಟ್ಟೆ. ಥರ್ಮಾಮೀಟರ್ ಜಗಲಿಯ ಗೋಡೆಯ ಮೇಲಿದೆ. ಅದು 21 ಎಂದರೆ ಫೋನು 17 ಎನ್ನುತ್ತದೆ. 15ರಂದು ಫೋನು ಮಳೆಯಿಲ್ಲ ಎಂದಿತ್ತು. ಸಂಜೆ ಮಳೆ ಹೊಯ್ದು ಅಂಗಳದ ಅಟ್ಟದ ಮೇಲೆ ಒಣಗಲು ಹರವಿದ್ದ ಬೇಯಿಸಿದ ಅಡಿಕೆ ತೊಯ್ದುಹೋಯಿತು. ತೀರಾ ಚಳಿಯಿದ್ದ ದಿನಗಳಲ್ಲಿ ಮಂಜೇ ಇರಲಿಲ್ಲ, ಅದೂ ಅರ್ಥವಾಗಲಿಲ್ಲ. ಈ ಪುಸ್ತಕದಿಂದ ಪ್ರಯೋಜನ ಉಂಟೋ, ರದ್ದಿಗೆ ಹಾಕಲೋ?"

ಸಂಪಾದಕರ ಉತ್ತರ:

ದಯವಿಟ್ಟು ರದ್ದಿಗೆ ಹಾಕಬೇಡಿ. ನೀವು ಕಳಿಸಿದ ಪುಟಗಳಲ್ಲಿ 13 ಮತ್ತು 14ನೇ ತಾರೀಕಿನ ಸಾಲುಗಳನ್ನು ಇನ್ನೊಮ್ಮೆ ನೋಡಿ. ಅದಕ್ಕೆ ಮುಂಚಿನ ಮೂರು ದಿನ 19, 18, 18 ಎಂದಿದ್ದ ಬೆಳಗಿನ ಉಷ್ಣಾಂಶ ಆ ಎರಡು ದಿನ 22ಕ್ಕೆ ಏರಿದೆ. ಇಬ್ಬನಿಯ ಕಾಲಮಿನಲ್ಲಿ ಎರಡೂ ದಿನ "ಇಲ್ಲ" ಎಂದು ನೀವೇ ಬರೆದಿದ್ದೀರಿ. ಫೋನು ಹೇಳದ ಮಳೆಯ ಸುಳಿವು ನಿಮ್ಮ ಪುಸ್ತಕದಲ್ಲಿ ಎರಡು ದಿನ ಮೊದಲೇ ಇತ್ತು.

ಕಾರ್ತಿಕದ ರಾತ್ರಿ ಆಕಾಶ ತಿಳಿಯಾಗಿದ್ದರೆ ಹಗಲು ಕಾದ ನೆಲ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟು ತಣ್ಣಗಾಗುತ್ತದೆ. ನೆಲ, ಹುಲ್ಲು, ಸೋಗೆ ಗಾಳಿಗಿಂತಲೂ ತಂಪಾದಾಗ ಗಾಳಿಯ ತೇವ ಅವುಗಳ ಮೇಲೆ ಹನಿಗಟ್ಟುತ್ತದೆ, ಅದೇ ಇಬ್ಬನಿ. ಮೋಡ ಮುಚ್ಚಿದರೆ ಆ ಶಾಖದ ಒಂದು ಪಾಲು ಮತ್ತೆ ಕೆಳಕ್ಕೆ ಬರುತ್ತದೆ, ರಾತ್ರಿ ಬೆಚ್ಚಗಾಗುತ್ತದೆ, ಇಬ್ಬನಿ ಬೀಳುವುದಿಲ್ಲ. ನವೆಂಬರಿನಲ್ಲಿ ನಿಮ್ಮ ಕಡೆ ಇಂಥ ಮೋಡ ಬರುವುದು ಹೆಚ್ಚಾಗಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ. ಅದು ತಮಿಳುನಾಡು ಕರಾವಳಿ ದಾಟಿ ಮಲೆನಾಡಿನತ್ತ ಬರಲು ಸಾಮಾನ್ಯವಾಗಿ ಒಂದೆರಡು ದಿನ ಬೇಕು. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಉಳಿಕೆ ನಮ್ಮ ಕರಾವಳಿ ಜಿಲ್ಲೆಗಳಿಗೆ ಜೋರು ಮಳೆ ತಂದದ್ದು ಡಿಸೆಂಬರ್ 2 ಮತ್ತು 3ರಂದು. ಮಳೆಗೆ ಮೊದಲು ಬರುವುದು ಎತ್ತರದ ತೆಳು ಮೋಡ. ಹಿಂಜಿದ ಅರಳೆಯಂತೆ ಹರಡಿ, ರಾತ್ರಿ ಚಂದ್ರನ ಸುತ್ತ ದೊಡ್ಡ ಬಳೆ ಕಟ್ಟಿದರೆ ಅದನ್ನೂ ಬರೆದಿಡಿ.

ಆದರೆ ಇಬ್ಬನಿ ಇಲ್ಲದ ಬೆಳಗೆಲ್ಲ ಮಳೆಯ ಸೂಚನೆಯಲ್ಲ. ಒಣ ಮೂಡಗಾಳಿ ರಾತ್ರಿಯಿಡೀ ಬೀಸಿದರೂ ಇಬ್ಬನಿ ಕಟ್ಟದು. ಆಗ ಮೈ ಚರ್ಮ ಬಿರಿಯುವಷ್ಟು ಒಣಚಳಿ ಇರುತ್ತದೆ, ಆಕಾಶ ತೊಳೆದಂತಿರುತ್ತದೆ. ಇಬ್ಬನಿ ಇಲ್ಲ, ಜೊತೆಗೆ ರಾತ್ರಿ ಬೆಚ್ಚಗೆ: ಎರಡೂ ಸೇರಿದಾಗ ಮಾತ್ರ ಅಟ್ಟದ ಕಡೆ ನಿಗಾ ಇರಲಿ.

ಮಂಜಿನ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಮಂಜಿಗೆ ಚಳಿಯೊಂದೇ ಸಾಲದು. ನೆಲದಲ್ಲಿ ಪಸೆ ಇರಬೇಕು, ಆಕಾಶ ತಿಳಿಯಾಗಿರಬೇಕು, ಗಾಳಿ ಸುಮ್ಮನಿರಬೇಕು. ಮಳೆ ನಿಂತು ಮೋಡ ಸರಿದ ಮಾರನೆಯ ಬೆಳಗು, ಅದರಲ್ಲೂ ಗಣಪತಿ ಕೆರೆಯ ಸುತ್ತ ಮತ್ತು ತಗ್ಗಿನ ಗದ್ದೆಗಳಲ್ಲಿ, ಮಂಜು ದಟ್ಟವಾಗುವುದು ಅದಕ್ಕೇ. ತಿಂಗಳ ಕೊನೆಗೆ ಒಣಗಾಳಿ ಹಿಡಿದಾಗ ಚಳಿ ಹೆಚ್ಚಿ ಮಂಜು ಕಡಿಮೆಯಾದದ್ದು ಸಹಜ. ಸೂರ್ಯ ಹುಟ್ಟಿದ ಮೇಲೆ ಅರ್ಧ ಗಂಟೆ ಮಂಜು ಇನ್ನೂ ದಟ್ಟವಾಗುವುದುಂಟು, ಆದ್ದರಿಂದ ಕಂಡ ಗಂಟೆಯನ್ನೂ ಬರೆಯಿರಿ. "ಮಂಜು ಇತ್ತು" ಎನ್ನುವುದಕ್ಕಿಂತ "7 ಗಂಟೆಗೆ ನೂರು ಮಾರು ದೂರದ ಮರ ಕಾಣಲಿಲ್ಲ" ಎಂಬ ಸಾಲು ಮುಂದೆ ಉಪಯೋಗಕ್ಕೆ ಬರುತ್ತದೆ.

ಇನ್ನು ಥರ್ಮಾಮೀಟರ್. ಫೋನು ತೋರಿಸುವುದು ನಿಮ್ಮ ಬೀದಿಯಲ್ಲಿ ಅಳೆದದ್ದಲ್ಲ. ಹಲವು ಕಿಲೋಮೀಟರ್ ಅಗಲದ ಚೌಕಕ್ಕೆ ಕಂಪ್ಯೂಟರ್ ಲೆಕ್ಕ ಹಾಕಿದ ಸಂಖ್ಯೆ. ನಿಮ್ಮದು ಅಳೆದದ್ದು ನಿಜ, ಆದರೆ ಅಳೆದದ್ದು ಗಾಳಿಯನ್ನಲ್ಲ, ಜಗಲಿಯನ್ನು. ಹಗಲಿನ ಬಿಸಿಲು ಕುಡಿದ ಗೋಡೆ ಬೆಳಗಿನವರೆಗೂ ಶಾಖ ಬಿಡುತ್ತಿರುತ್ತದೆ, ಮಾಡು ಮೇಲಿನ ಆಕಾಶವನ್ನು ಮರೆಮಾಡುತ್ತದೆ. ಹಾಗೆಂದು ಬಯಲಲ್ಲಿ ಬರಿದೇ ನೇತುಹಾಕಿದರೆ ಹಗಲು ಬಿಸಿಲಿಗೆ ಏರುತ್ತದೆ, ರಾತ್ರಿ ಅದೇ ಇಬ್ಬನಿಗೆ ತೊಯ್ದು ಗಾಳಿಗಿಂತ ಕಡಿಮೆ ತೋರಿಸುತ್ತದೆ.

ಹವಾಮಾನ ಕೇಂದ್ರಗಳಲ್ಲಿ ಇದಕ್ಕಾಗಿ ಬಿಳಿ ಬಣ್ಣದ, ಜಾಲಂಧ್ರದ ಮರದ ಪೆಟ್ಟಿಗೆ ಇರುತ್ತದೆ. ಮನೆಯಲ್ಲಿ ಹೂಕುಂಡದ ಕೆಳಗಿಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳೇ ಸಾಕು. ಸುಮಾರು 20 ಸೆಂ.ಮೀ. ಅಗಲದವು 8 ತನ್ನಿ. ಮೇಲಿನ ಎರಡನ್ನು ಬಿಟ್ಟು ಉಳಿದ ಆರರ ನಡುವೆ ಥರ್ಮಾಮೀಟರಿನ ಸೆನ್ಸರ್ (ಉಷ್ಣಾಂಶ ಅಳೆಯುವ ತುದಿ) ಹಿಡಿಸುವಷ್ಟು ರಂಧ್ರ ಕೊರೆಯಿರಿ. ಬೋರಲಾಗಿ ಒಂದರ ಮೇಲೊಂದು, ನಡುವೆ 2 ಸೆಂ.ಮೀ. ತೆರಪು ಬಿಟ್ಟು, ತಿರುಪಿನ ಗೆರೆಯಿರುವ ಮೂರು ಕಡ್ಡಿಗಳಿಗೆ ನಟ್ಟು ಹಾಕಿ ಬಿಗಿಯಿರಿ. ಕಂಬಕ್ಕೆ ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಕೆಳಗೆ ಮಣ್ಣು ಅಥವಾ ಹುಲ್ಲಿರುವ ಕಡೆ ಕಟ್ಟಿ. ಸಿಮೆಂಟ್ ಅಂಗಳ ಬೇಡ. ತೆರಪು ಕಡಿಮೆಯಾದರೆ ಒಳಗೆ ಗಾಳಿ ಆಡದೆ ಮಧ್ಯಾಹ್ನ ಉಷ್ಣಾಂಶ ಹೆಚ್ಚು ತೋರುತ್ತದೆ. ಥರ್ಮಾಮೀಟರ್ ಸರಿಯಿದೆಯೇ ಎಂದು ನೋಡಲು ಲೋಟದ ತುಂಬ ಪುಡಿ ಮಾಡಿದ ಐಸು, ಸ್ವಲ್ಪವೇ ನೀರು ಹಾಕಿ, ನೀರು ತಗಲಿದರೆ ಕೆಡದಂಥ ಸೆನ್ಸರನ್ನು ಹತ್ತು ನಿಮಿಷ ಕಲಕುತ್ತ ಇಡಿ. ಅದು 1 ತೋರಿಸಿದರೆ ಮುಂದೆ ಎಲ್ಲ ಸಂಖ್ಯೆಗಳಿಂದ 1 ಕಳೆಯಿರಿ.

ಓದುವ ಹೊತ್ತು ಬೆಳಿಗ್ಗೆ ಎಂಟೂವರೆ ಇರಲಿ. ಭಾರತೀಯ ಹವಾಮಾನ ಇಲಾಖೆ ದಿನದ ಮಳೆ ಲೆಕ್ಕ ಮುಗಿಸುವುದೂ ಆ ಹೊತ್ತಿಗೇ. ಎದ್ದ ಕೂಡಲೇ ಓದುವುದರಲ್ಲಿ ಒಂದು ಮೋಸವಿದೆ. ಸಾಗರದಲ್ಲಿ ಸೂರ್ಯೋದಯ ನವೆಂಬರ್ 1ಕ್ಕೆ ಸುಮಾರು 6:25ಕ್ಕೆ, 30ಕ್ಕೆ 6:38ಕ್ಕೆ. ತೀರಾ ತಂಪು ಇರುವುದು ಆ ಹೊತ್ತಿನ ಆಸುಪಾಸಿನಲ್ಲಿ. ಗರಿಷ್ಠ–ಕನಿಷ್ಠ ತೋರಿಸುವ ಥರ್ಮಾಮೀಟರನ್ನು ಆರು ಗಂಟೆಗೆ ಓದಿ ಸೊನ್ನೆಗೊಳಿಸಿದರೆ ಅದೇ ಬೆಳಗಿನ ಚಳಿ ನಾಳೆಯ ಲೆಕ್ಕದಲ್ಲೂ ಕೂತುಬಿಡುತ್ತದೆ; ಒಂದು ಚಳಿ ದಿನ ಎರಡಾಗುತ್ತದೆ. ಎಂಟೂವರೆಗೆ ಓದಿದಾಗ ಕನಿಷ್ಠವನ್ನು ಇವತ್ತಿನ ಸಾಲಿಗೆ, ಗರಿಷ್ಠವನ್ನು ನಿನ್ನೆಯ ಸಾಲಿಗೆ ಬರೆಯಿರಿ.

ಮಳೆಗೆ ನೀವು ಇಟ್ಟಿರುವ ಸ್ಟೀಲ್ ಡಬ್ಬಿ ನೇರ ಗೋಡೆಯದಾದರೆ ತಪ್ಪಿಲ್ಲ, ಆದರೆ ಬಿಸಿಲಿಗೆ ನೀರು ಆರಿಹೋಗುತ್ತದೆ. 16 ಸೆಂ.ಮೀ. ಬಾಯಿಯ ಆಲಿಕೆಯನ್ನು ಬಾಟಲಿಗೆ ಕೂರಿಸಿ, ಬಾಯಿ ಸಮಮಟ್ಟವಾಗಿ, ನೆಲದಿಂದ ಒಂದಡಿ ಎತ್ತರದಲ್ಲಿರಲಿ. 20 ಮಿ.ಲೀ. ನೀರು ಸಿಕ್ಕರೆ 1 ಮಿ.ಮೀ. ಮಳೆ. ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಬೇಕು ಎನ್ನುವುದು ನಿಯಮ. ಅಡಿಕೆ ಮರಗಳ ನಡುವಿನ ಮನೆಗೆ ಇದು ಕಷ್ಟ, ಇದ್ದುದರಲ್ಲಿ ತೆರೆದ ಜಾಗ ಆರಿಸಿ, ಆಮೇಲೆ ಬದಲಿಸಬೇಡಿ. ಮಳೆಯಿಲ್ಲದ ಬೆಳಗಿನಲ್ಲೂ ಆಲಿಕೆಯ ಒಳಮೈಯಲ್ಲಿ ಸಾಸಿವೆಯಷ್ಟು ಹನಿಗಳು ಸಾಲುಗಟ್ಟಿ, ಒಂದನ್ನೊಂದು ಕೂಡಿಕೊಂಡು ಬಾಟಲಿಗೆ ಜಾರಿರುತ್ತವೆ. ಆ ಒಂದೆರಡು ಮಿಲಿಲೀಟರ್ ಇಬ್ಬನಿಯದು, ಮಳೆಯ ಕಾಲಮಿಗೆ ಸೇರಿಸಬೇಡಿ. ಮಳೆ ಇಲ್ಲದ ದಿನ ಜಾಗ ಖಾಲಿ ಬಿಡದೆ 0 ಬರೆಯಿರಿ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ತಿಳಿಯುವುದಿಲ್ಲ. ನಿಮ್ಮ ಪುಸ್ತಕದಲ್ಲಿ ಇಂಥ ಖಾಲಿ ಸಾಲು ಹಲವಿವೆ. ಸ್ವಾತಿ, ವಿಶಾಖಾ, ಅನುರಾಧಾ ಎಂದು ಮಳೆ ನಕ್ಷತ್ರ ಬರೆದಿರುವುದು ಬಹಳ ಒಳ್ಳೆಯದು. ಅವು ಸೂರ್ಯನ ಗತಿಗೆ ಕಟ್ಟಿದವು, ವರ್ಷವರ್ಷವೂ ಹೆಚ್ಚುಕಡಿಮೆ ಅದೇ ತಾರೀಕಿಗೆ ಬರುತ್ತವೆ. ಊರಿನ ಹಿರಿಯರ ನೆನಪಿನ ಜೊತೆ ಹೋಲಿಸಲು ಅನುಕೂಲ.

ಅಡಿಕೆ ವಿಚಾರ. ಇಬ್ಬನಿ ಕಟ್ಟುವುದು ಬೆಳಗಿನ ಜಾವ ಮಾತ್ರವಲ್ಲ, ತಿಳಿ ಆಕಾಶವಿದ್ದರೆ ಸಂಜೆ ಕತ್ತಲಾಗುತ್ತಲೇ ಶುರುವಾಗುತ್ತದೆ. ಹೊದಿಕೆ ಅದಕ್ಕೂ ಮೊದಲೇ ಬೀಳಬೇಕು. ಆದರೆ ಬಿಸಿಲಿಗೆ ಕಾದ ಅಡಿಕೆಯ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಹೊದಿಸಿದರೆ ಅಡಿಕೆಯಿಂದಲೇ ಎದ್ದ ಹಬೆ ಹಾಳೆಯ ಒಳಮೈಗೆ ತಾಗಿ ಹನಿಯಾಗಿ ಮತ್ತೆ ಅದರ ಮೇಲೇ ಉದುರುತ್ತದೆ, ಬೂಷ್ಟು ಹಿಡಿಯುತ್ತದೆ. ಬಿದಿರ ಗಳ ಅಡ್ಡ ಕೊಟ್ಟು ಒಂದು ಗೇಣು ಎತ್ತರಿಸಿ, ಎರಡು ತುದಿ ತೆರೆದಿಡಿ.

ಹಳೆಯ ತಿಂಗಳನ್ನು ಉಳಿಸಿಕೊಳ್ಳುವ ಬಗೆಯೂ ಇದೆ. ಜಗಲಿಯ ಥರ್ಮಾಮೀಟರ್ ತೆಗೆಯಬೇಡಿ. ಹೊಸದನ್ನು ತಟ್ಟೆಗಳ ಗೂಡಿನಲ್ಲಿಟ್ಟು, ಇನ್ನು ಹದಿನೈದು ದಿನ, ನೀವು ಮೊದಲು ಓದುತ್ತಿದ್ದ ಹೊತ್ತಿಗೇ ಎರಡನ್ನೂ ಓದಿ. ತಿಳಿ ಆಕಾಶದ ಬೆಳಗುಗಳ ವ್ಯತ್ಯಾಸ ಬೇರೆ, ಮೋಡದ ಬೆಳಗುಗಳದ್ದು ಬೇರೆ ಬರೆದು, ಎರಡಕ್ಕೂ ಸರಾಸರಿ ತೆಗೆಯಿರಿ. ಮೋಡವಿದ್ದಾಗ ವ್ಯತ್ಯಾಸ ಕಡಿಮೆ ಬರುತ್ತದೆ. ಆಮೇಲೆ ನವೆಂಬರಿನ ಪುಟಗಳನ್ನು ತೆರೆದು, ಇಬ್ಬನಿ ಇದ್ದ ದಿನಗಳಿಂದ ಮೊದಲನೆಯ ಸಂಖ್ಯೆಯನ್ನೂ, ಇಬ್ಬನಿ ಇಲ್ಲದೆ ಬೆಚ್ಚಗಿದ್ದ ದಿನಗಳಿಂದ ಎರಡನೆಯದನ್ನೂ ಕಳೆಯಿರಿ. ಮೂಲ ಸಂಖ್ಯೆಯನ್ನು ಅಳಿಸಬೇಡಿ. ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆಯಿರಿ.