ಸಮುದ್ರಕ್ಕೆ ‘ಸುಮ್ನೆ’ ಹೋಗುವ ನೀರು

ಘಟ್ಟದ ಬೇಡ್ತಿ ಹೊಳೆಯ ನೀರನ್ನು ಹಾವೇರಿ ಕಡೆಯ ವರದೆಗೆ ತಿರುಗಿಸುವ ಬೇಡ್ತಿ-ವರದಾ ನದಿ ಜೋಡಣೆ ಬೇಡ ಎನ್ನುತ್ತಿರುವ ಉತ್ತರ ಕನ್ನಡದ ಬೇಡ್ತಿ-ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನು ಓದಿ ಹಾವೇರಿ ಜಿಲ್ಲೆಯ ರೈತರೊಬ್ಬರು ಬರೆದಿದ್ದಾರೆ: “ನಮ್ಮ ಬೋರ್‌ವೆಲ್ ಬತ್ತಿವೆ. ಸುಮ್ನೆ ಸಮುದ್ರಕ್ಕೆ ಹೋಗೋ ನೀರು ಕೇಳಿದರೆ ಕಾಡು, ಮಂಗ ಅಂತಾರೆ. ನೀವು ಧಾರವಾಡದಲ್ಲಿ ಕೂತು ಅವರ ಪರ ಬರೀತೀರಿ.”

ನಿಮ್ಮ ಪತ್ರ ಮುಟ್ಟಿತು, ಸಿಟ್ಟೂ ಮುಟ್ಟಿತು. ಒಂದು ತಪ್ಪು ನಮ್ಮದೇ. ಆ ಲೇಖನಕ್ಕೆ ಶಿರಸಿ, ಯಲ್ಲಾಪುರ ಸುತ್ತಿದೆವು. ಹಾವೇರಿಯ ಒಬ್ಬ ರೈತರನ್ನೂ ಮಾತಾಡಿಸಲಿಲ್ಲ.

ಆದರೆ ಆ ‘ಸುಮ್ನೆ’ ಅನ್ನೋದಕ್ಕೆ ನನ್ನ ತಕರಾರಿದೆ. ಬೇಡ್ತಿ ಘಟ್ಟದವರ ಹೊಳೆ ಎಂದುಕೊಂಡಿದ್ದೇವೆ. ಅದನ್ನು ಸೇರುವ ಶಾಲ್ಮಲೆ ಹುಟ್ಟುವುದು ಇಲ್ಲೇ, ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ. ಆ ನೀರು ಮಾಗೋಡಿನಲ್ಲಿ ಧುಮುಕಿ, ಅಂಕೋಲಾ ಕಡೆ ಗಂಗಾವಳಿ ಎಂಬ ಹೆಸರಿನಲ್ಲಿ ಕಡಲು ಸೇರುತ್ತದೆ.

ಹೊಳೆ ಕಡಲು ಸೇರುವ ಜಾಗದಲ್ಲಿ ಏನಾಗುತ್ತದೆ? ಹಿಂದೊಮ್ಮೆ ಕುಮಟಾ ಹತ್ತಿರ, ಬೇಡ್ತಿಯ ನೆರೆಯ ಹೊಳೆ ಅಘನಾಶಿನಿಯ ಅಳಿವೆಯಲ್ಲಿ ನಿಂತಿದ್ದೆ. ಇಳಿತದ ಹೊತ್ತು. ಹೆಂಗಸರು ಮೊಣಕಾಲುದ್ದದ ಕೆಸರಲ್ಲಿ ಬಗ್ಗಿ, ಕೈಯಲ್ಲೇ ತಡಕಿ ಬಳಚು ಹೆಕ್ಕುತ್ತಿದ್ದರು. ನಮ್ಮ ಕಡೆಯವರಿಗೆ ಹೇಳಬೇಕೆಂದರೆ, ಅದೊಂದು ಚಿಪ್ಪಿನ ಜೀವಿ. ಬುಟ್ಟಿ ತುಂಬಿದರೆ ಸಂಜೆಯ ಸಂತೆಗೆ ದುಡ್ಡು. ಅಲ್ಲಿ ಕಡಲ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ತಾಳುವ ಭತ್ತ ಅದು. ಆದರೂ ಬಿತ್ತುವ ಮುಂಚೆ ಮಳೆಗಾಲದ ಸಿಹಿನೀರು ಬಂದು ಗದ್ದೆಯ ಉಪ್ಪು ತೊಳೆಯಲೇಬೇಕು. ಹೊಳೆ ಸೊರಗಿದರೆ ಕಡಲಿನ ಉಪ್ಪು ಮೇಲೇರುತ್ತದೆ. ಅವರೂ ರೈತರೇ, ಅಲ್ವಾ?

ಮಂಗ ಅಂದಿರಿ. ಅದು ಸಿಂಗಳೀಕ. ಮರದಿಂದ ಮರಕ್ಕೇ ಓಡಾಡುವ ಪ್ರಾಣಿ, ನಡುವೆ ಕಾಡು ತುಂಡಾದರೆ ಸಿಕ್ಕಿಬೀಳುತ್ತದೆ.

ಇನ್ನು ನೀರಿನ ಲೆಕ್ಕ. ಬೇಡ್ತಿ ತುಂಬಿ ಹರಿಯುವುದು ಜುಲೈ, ಆಗಸ್ಟ್‌ನಲ್ಲಿ. ಆಗ ನಿಮ್ಮ ವರದೆಯೂ ದಡ ಮೀರಿ ಹೊಲಕ್ಕೆ ನುಗ್ಗುತ್ತಾಳೆ. ನಿಮಗೆ ನೀರು ಬೇಕಿರುವುದು ಬೇಸಿಗೆಯಲ್ಲಿ, ಆಗ ಬೇಡ್ತಿಯೂ ಬಡವಿ. ಮಳೆನೀರು ಹಿಡಿದಿಡಬೇಕೆಂದರೆ ಘಟ್ಟದ ಹಳ್ಳಗಳಿಗೆ ಅಣೆಕಟ್ಟು ಕಟ್ಟಬೇಕು. ಅಂದರೆ ಹೊಳೆಗೆ ನೀರುಣಿಸುವ ಕಾಡನ್ನೇ ಮುಳುಗಿಸಿ ಆ ಹೊಳೆಯ ನೀರು ತರುವುದು. ನನಗೆ ಈ ಲೆಕ್ಕ ಕೂಡುತ್ತಿಲ್ಲ.

ಘಟ್ಟದ ಜನ ಇವತ್ತು ಎದ್ದವರಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ಹತ್ತಿರದ ಸಾಲ್ಕಣಿಯವರು ಮರ ಅಪ್ಪಿಕೊಂಡು ಕೊಡಲಿ ತಡೆದರು, ಅದೇ ಅಪ್ಪಿಕೋ ಚಳವಳಿ. ನಮ್ಮ ಬಯಲುಸೀಮೆಯವರೇನು ಕಮ್ಮಿ? ಕಪ್ಪತಗುಡ್ಡಕ್ಕೆ ಕೊಟ್ಟ ರಕ್ಷಣೆಯನ್ನು ಸರ್ಕಾರ 2016ರಲ್ಲಿ ಹಿಂದಕ್ಕೆ ಪಡೆದಾಗ ಗದಗಿನವರು, ಮಠದ ಸ್ವಾಮಿಗಳ ಸಮೇತ, ಬೀದಿಗಿಳಿದರು. 2017ರಲ್ಲಿ ಅದು ಮರಳಿ ಸಿಕ್ಕಿತು, 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಅಲ್ಲಿ ಗುಡ್ಡ ನಮ್ಮದು ಅಂದ ನಾವು, ಇಲ್ಲಿ ಕಾಡು ನಮ್ಮದು ಅನ್ನುವವರಿಗೆ ಸಿಟ್ಟಾಗುವುದು ಹೇಗೆ?

ನಿಮ್ಮ ಬಾಯಾರಿಕೆ ಸುಳ್ಳಲ್ಲ. ಹೆಗ್ಗೇರಿ, ಮದಗ-ಮಾಸೂರಿನಂಥ ಕೆರೆಗಳಿರುವ ಜಿಲ್ಲೆ ನಿಮ್ಮದು. ಊರೂರ ಕೆರೆಗಳಲ್ಲಿ ಹೂಳೆಷ್ಟು, ಕಾಲುವೆ ಒತ್ತುವರಿ ಎಷ್ಟು ಅಂತ ಬರೆಯುವುದನ್ನು ನಾವೇ ಬಿಟ್ಟಿದ್ದೇವೆ. ಮುಂದಿನ ತಿಂಗಳು ನಿಮ್ಮೂರಿಗೆ ಬರುತ್ತೇವೆ. ಕೆರೆ ದಂಡೆಯ ಮೇಲೆ ಕೂತು ಮಾತಾಡೋಣ. ಜಗಳವಾದರೆ ಅದನ್ನೂ ಅಚ್ಚು ಹಾಕುತ್ತೇವೆ.

— ಸಂ.