ಜೆಟ್ ಆಮೇಲೆ, ಮೊದಲು ಚೋಕ್ ನೋಡಿ

ಓಮ್ನಿಗೆ ಮಾರುತಿ 800ರ ಎಂಜಿನ್ ಕೂರಿಸಿದ ಮೇಲೆ ಕಪ್ಪು ಹೊಗೆ, ಪ್ಲಗ್ ತುಂಬಾ ಮಸಿ ಅಂದಿರಲ್ಲ, ಸುಮ್ನೆ ಕಾರ್ಬುರೇಟರಿನ (ಗಾಳಿ-ಪೆಟ್ರೋಲ್ ಬೆರೆಸುವ ಭಾಗ) ಜೆಟ್, ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ, ಬದಲಿಸಲು ಹೋಗಬೇಡಿ. ಎಂಜಿನ್ ಇಳಿಸಿ ಏರಿಸುವಾಗ ಎಡವಟ್ಟಾಗುವುದು ಹೆಚ್ಚಾಗಿ ಚೋಕ್ (ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಡೆಯುವ ತಗಡು) ಕೇಬಲ್. ಚೋಕ್ ನಾಬ್ ಪೂರ್ತಿ ಒಳಗೆ ಒತ್ತಿ, ಕಾರ್ಬುರೇಟರ್ ಬಾಯಲ್ಲಿರುವ ಚೋಕ್ ತಗಡು ನೆಟ್ಟಗೆ ನಿಲ್ಲುತ್ತಾ ನೋಡಿ. ಸ್ವಲ್ಪ ಅಡ್ಡ ಇದ್ದರೂ ಸಾಕು, ಪೆಟ್ರೋಲ್ ಜಾಸ್ತಿ ಎಳೆಯುತ್ತದೆ.

ಅದು ಸರಿಯಿದ್ದರೆ ಟ್ಯಾಂಕಿಗೆ ವಾಪಸ್ ಹೋಗುವ ಪೈಪ್ ಮಡಚಿಕೊಂಡಿರಬಹುದು. ಆಗ ಪಂಪಿನ ಒತ್ತಡ ಏರಿ, ಒಳಬರುವ ಪೆಟ್ರೋಲನ್ನು ನೀಡಲ್ ವಾಲ್ವ್ ತಡೆಯಲಾಗದೆ ಫ್ಲೋಟ್ ಬೌಲ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ತುಂಬಿ ಹರಿಯುತ್ತದೆ. ನನ್ನ ಗಾಡಿಯಲ್ಲಿ ಇದೇ ಆಗಿತ್ತು, ಗೊತ್ತಾಗದೆ ಎರಡು ವಾರ ಕಾರ್ಬುರೇಟರ್ ತೊಳೆದಿದ್ದೇ ತೊಳೆದಿದ್ದು! ಅಂದ ಹಾಗೆ, ಎಂಜಿನ್ ಆಫ್ ಮಾಡಿದ ಮೇಲೂ ಕಾರ್ಬುರೇಟರ್ ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಾ? ನೋಡಿ ಹೇಳಿ.